ಗಿಡವೋ, ಮರವೋ?
(ಬಹುಭಾಷೆಗಳಲ್ಲಿ ಸಸ್ಯ-ಪ್ರಾಣಿಗಳ ನಾಮಪರಿಚಯ)

ಭಾದ್ರಪದ ಶುಕ್ಲ ಚತುರ್ಥಿಯು ಸಮೀಪಿಸಿದೊಡನೆ ನಮ್ಮ ಅನೇಕ ಮನೆಗಳಲ್ಲಿ ಹಳೆಯ ವ್ರತಪುಸ್ತಕವು ಪೆಟ್ಟಿಗೆಯಿಂದ ಹೊರಬರುತ್ತದೆ. ಏಕವಿಂಶತಿ ಪತ್ರಪೂಜೆಯ ಪುಟವನ್ನು ತೆರೆದು ಮನೆಯಾಕೆಯು ಓದತೊಡಗುತ್ತಾಳೆ: ಮಾಚೀಪತ್ರ, ಬೃಹತೀಪತ್ರ, ಬಿಲ್ವಪತ್ರ, ದೂರ್ವಾಯುಗ್ಮ, ದತ್ತೂರಪತ್ರ, ಬದರೀಪತ್ರ, ಅಪಾಮಾರ್ಗಪತ್ರ... ಬಿಲ್ವ-ದೂರ್ವೆಗಳಲ್ಲಿ ಸಂದೇಹವಿಲ್ಲ. ಅಪಾಮಾರ್ಗವೆಂದೊಡನೆ ಓದು ನಿಲ್ಲುತ್ತದೆ. ಪೇಟೆಯಲ್ಲಿ ವಿಚಾರಿಸಿದರೆ ಆ ಹೆಸರನ್ನು ಕೇಳಿದವರಿಲ್ಲ. ಕೊನೆಗೆ ತಿಳಿಯುವುದೇನೆಂದರೆ, ಅದು ಹಿತ್ತಿಲ ಬೇಲಿಯ ಬದಿಯಲ್ಲಿ ತಾನೇ ತಾನಾಗಿ ಬೆಳೆದು, ಹಾದುಹೋಗುವಾಗಲೆಲ್ಲ ಸೀರೆಯ ಅಂಚಿಗೆ ಅಂಟಿಕೊಳ್ಳುವ ಉತ್ತರಾಣಿಯೇ ಎಂದು! ತೆಲುಗಿನವರು ಅದನ್ನು ಉತ್ತರೇಣಿ ಎನ್ನುತ್ತಾರೆ. ತಮಿಳಿನವರು ನಾಯುರುವಿ ಎನ್ನುತ್ತಾರೆ. ಮರಾಠಿಯಲ್ಲಿ ಅದು ಆಘಾಡಾ. ಗಿಡವನ್ನು ಬಲ್ಲವಳು ಹೆಸರನ್ನು ಅರಿಯಳು; ಹೆಸರನ್ನು ಓದಿದವನು ಗಿಡವನ್ನು ಅರಿಯನು.

ಹೆಸರನ್ನು ತಿಳಿಯದಿರುವುದು ಒಂದು ಕೊರತೆಯೇ ಸರಿ. ಆದರೆ ಅದನ್ನು ಕೇಳಿ ತುಂಬಿಕೊಳ್ಳಬಹುದು. ತಿಳಿದಿದೆಯೆಂದು ನಾವು ನಂಬಿರುವ ಹೆಸರೇ ಬೇರೊಂದು ನಾಡಿನಲ್ಲಿ ಬೇರೊಂದು ವಸ್ತುವಿಗೆ ಸಲ್ಲುತ್ತಿದ್ದರೆ ಕೇಳಬೇಕೆಂಬ ಬುದ್ಧಿಯೇ ಹುಟ್ಟುವುದಿಲ್ಲ. ಈ ಎರಡನೆಯದು ಹೆಚ್ಚು ಅಪಾಯಕರವೆಂಬುದನ್ನು ನಾವು ಬಾಲ್ಯದಲ್ಲಿಯೇ ಕಂಡೆವು.

ನಮ್ಮ ತಂದೆಯವರಿಗೆ ಮದರಾಸಿಗೆ ವರ್ಗವಾಗಿ, ಮನೆಮಂದಿಯೆಲ್ಲ ತಿರುವಲ್ಲಿಕ್ಕೇಣಿಯಲ್ಲಿ ಬಿಡಾರ ಮಾಡಿದ ಮೊದಲ ವರ್ಷವದು. ಚೌತಿಯ ಹಿಂದಿನ ದಿನ ನಮ್ಮ ಅಜ್ಜಿಯು ಹೂವು ಮಾರುವವಳಿಗೆ, ತಾನು ಕಲಿತಿದ್ದ ನಾಲ್ಕು ತಮಿಳು ಮಾತುಗಳನ್ನು ಕೂಡಿಸಿ, "ಅರಳಿ ಎಲೆ ವೇಣುಂ" ಎಂದು ಹೇಳಿದರು. ಮಾರನೆಯ ಬೆಳಗ್ಗೆ ಆಕೆ ತಂದುಕೊಟ್ಟುದು ನೀಳವಾದ, ಕಿರಿದಾದ, ದಪ್ಪನೆಯ ಎಲೆಗಳನ್ನು. ಅಜ್ಜಿಯು ನೋಡಿ ನಕ್ಕು, "ಇದು ಕಣಗಿಲೆಯಲ್ಲವೇನೇ? ಇರಲಿ, ಕರವೀರಪತ್ರವೂ ಪಟ್ಟಿಯಲ್ಲಿದೆ, ಇಡು" ಎಂದರು. ಪೂಜೆಗೆ ಭಂಗವೇನೂ ಬರಲಿಲ್ಲ. ಆ ಸಂಗತಿಯನ್ನು ಎಲ್ಲರೂ ಮರೆತರು.

ಎರಡು ತಿಂಗಳುಗಳ ಬಳಿಕ ನಮ್ಮ ಚಿಕ್ಕಪ್ಪನವರಿಗೆ ಬಾಯಿಹುಣ್ಣಾಯಿತು. ಅರಳಿಯ ತೊಗಟೆಯನ್ನು ಕುದಿಸಿ, ಆ ನೀರಿನಿಂದ ಬಾಯಿ ಮುಕ್ಕಳಿಸಿದರೆ ಗುಣವೆಂದು ಊರಿನಿಂದ ಕಾಗದ ಬಂದಿತು. ಮನೆಗೆಲಸದ ಹುಡುಗನಿಗೆ ಹೇಳಿದ್ದಾಯಿತು. ತೊಗಟೆಗೆ ತಮಿಳಿನಲ್ಲಿ ಪಟ್ಟೈ ಎನ್ನುವರೆಂಬುದನ್ನು ಅಷ್ಟರಲ್ಲಿ ಎಲ್ಲರೂ ಕಲಿತಿದ್ದರು. ಅವನು ಕಾಗದದ ಪೊಟ್ಟಣದಲ್ಲಿ ತೊಗಟೆಯನ್ನು ತಂದನು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಪೊಟ್ಟಣವನ್ನು ಬಿಚ್ಚಿದ ಅಜ್ಜಿಯು ಕೈ ತಡೆದು, "ಎಲ್ಲಿಂದ ಕಿತ್ತೆಯೋ?" ಎಂದು ಕೇಳಿದರು. "ಕೋವಿಲ್ ತೋಟದಿಂದ, ಪಾಟ್ಟಿ." "ಗಿಡವೋ, ಮರವೋ?" ಹುಡುಗನು ತನ್ನ ತಲೆಗಿಂತ ತುಸು ಮೇಲೆ ಕೈಯೆತ್ತಿ ಎತ್ತರವನ್ನು ತೋರಿಸಿದನು. ಅಜ್ಜಿಯು ಪೊಟ್ಟಣವನ್ನು ಕಟ್ಟಿ ಹಿತ್ತಿಲಿನಲ್ಲಿ ಹೂಳಿಸಿ, ಕೈಯನ್ನು ಮೂರು ಸಲ ತೊಳೆದುಕೊಂಡರು. ಅಂದು ನಮಗೆ ಅದರ ಅರ್ಥವಾಗಲಿಲ್ಲ.

ಕನ್ನಡದಲ್ಲಿ ಅರಳಿಯೆಂದರೆ ಅಶ್ವತ್ಥ. ಸಂತಾನವನ್ನು ಬಯಸಿ ಸ್ತ್ರೀಯರು ಪ್ರದಕ್ಷಿಣೆ ಮಾಡುವ, ಊರ ಮುಂದಿನ ಕಟ್ಟೆಯ ಮರ. ಅದನ್ನೇ ತಮಿಳರು ಅರಸಮರಂ ಎನ್ನುವರು, ಮಲೆಯಾಳಿಗಳು ಅರಯಾಲ್ ಎನ್ನುವರು, ತೆಲುಗರು ರಾವಿ, ಮರಾಠಿಗರು ಪಿಂಪಳ, ಹಿಂದಿಯವರು ಪೀಪಲ್ ಎನ್ನುವರು. ತಮಿಳಿನಲ್ಲಿಯೂ ಮಲೆಯಾಳದಲ್ಲಿಯೂ ಅರಳಿಯೆಂದರೆ ಕರವೀರ, ಅಂದರೆ ನಮ್ಮ ಕಣಗಿಲೆ. ಉಚ್ಚಾರದಲ್ಲಿ ಎಳ್ಳಷ್ಟೂ ಭೇದವಿಲ್ಲ. ಅದೇ ಅಕಾರ, ಅದೇ ರೇಫ, ಅದೇ ಳಕಾರ. ಕಣಗಿಲೆಯ ಎಲೆ, ತೊಗಟೆ, ಬೇರು, ಹೂವು, ಬೀಜ ಎಲ್ಲವೂ ವಿಷ. ಅದು ನೇರವಾಗಿ ಹೃದಯದ ಬಡಿತವನ್ನು ಕೆಡಿಸುವಂತಹುದು. ದೇವರ ಮುಡಿಗೆ ಏರುವ ಹೂವಾದ ಮಾತ್ರಕ್ಕೆ ಅದು ನಮ್ಮ ಹೊಟ್ಟೆಗೆ ಸಲ್ಲುವ ವಸ್ತುವಾಗಲಾರದು. 2024ರ ಮೇ ತಿಂಗಳಿನಲ್ಲಿ ಕೇರಳದ ತಿರುವಾಂಕೂರು ಮತ್ತು ಮಲಬಾರು ದೇವಸ್ವಂ ಮಂಡಲಿಗಳು ತಮ್ಮ ದೇವಾಲಯಗಳ ನೈವೇದ್ಯ-ಪ್ರಸಾದಗಳಲ್ಲಿ ಅರಳಿ ಹೂವನ್ನು ಬಳಸಕೂಡದೆಂದು ನಿರ್ಧರಿಸಿದುದು ಈ ಕಾರಣದಿಂದಲೇ. ಅದರ ಎಲೆಯನ್ನು ಜಗಿದುದರಿಂದ ಯುವತಿಯೊಬ್ಬಳು ಮೃತಳಾದಳೆಂಬ ಶಂಕೆಯು ಅದಕ್ಕೆ ಹಿನ್ನೆಲೆಯಾಗಿತ್ತು. ಆ ಸುದ್ದಿಯನ್ನು ಹೆಸರಿನ ಮರ್ಮವನ್ನರಿಯದ ಕನ್ನಡಿಗನು ಕೇಳಿದರೆ, ಅಶ್ವತ್ಥಕ್ಕೇಕೆ ಈ ನಿಷೇಧವೆಂದು ಬೆರಗಾದಾನು. ಹೂವೇ ಕಾಣದ ಮರಕ್ಕೆ ಹೂವಿನ ನಿಷೇಧವೇ ಎಂದು ನಕ್ಕರೂ ನಕ್ಕಾನು.

ನಮ್ಮ ಸಮಾಜದವರಿಗೆ ಈ ವಿಷಯವು ಇತರರಿಗಿಂತ ತುಸು ಹೆಚ್ಚಾಗಿಯೇ ಸಂಬಂಧಿಸಿದುದು. ಉಡುಪಿಯ ಸುತ್ತಮುತ್ತ ನಮ್ಮವರು ತುಳುವನ್ನಾಡುತ್ತಾರೆ. ಮಂತ್ರಾಲಯದ ಕಡೆಗೆ ತೆಲುಗು, ಕುಂಭಕೋಣದ ಕಡೆಗೆ ತಮಿಳಿನೊಡನೆ ಬೆರೆತ ಕನ್ನಡ, ಸೊಲ್ಲಾಪುರ-ಪುಣೆಗಳಲ್ಲಿ ಮರಾಠಿ. ಹೆಣ್ಣು ಕೊಟ್ಟು ತರುವಾಗ ಈ ಎಲ್ಲೆಗಳನ್ನು ನಾವು ಎಣಿಸುವುದಿಲ್ಲ. ಒಂದೇ ಅಡುಗೆಮನೆಯಲ್ಲಿ ಅತ್ತೆಯದೊಂದು ಹೆಸರು, ಸೊಸೆಯದೊಂದು ಹೆಸರು, ಪುರೋಹಿತರ ಬಾಯಲ್ಲಿ ಸಂಸ್ಕೃತದ ಮತ್ತೊಂದು ಹೆಸರು, ತರಕಾರಿಯವನದು ಬೇರೆಯೇ ಒಂದು.

ಇದನ್ನು ಕಲಿಯುವುದು ಬಹುಕಷ್ಟವೆಂದು ಯಾರೂ ಹಿಂಜರಿಯಬೇಕಾಗಿಲ್ಲ. ದ್ರಾವಿಡ ಭಾಷೆಗಳ ಹೆಸರುಗಳು ಮೇಲ್ನೋಟಕ್ಕೆ ಬೇರೆಯಾಗಿ ತೋರಿದರೂ ಅಕ್ಷರಗಳು ಕ್ರಮವಾಗಿಯೇ ಮಾರ್ಪಟ್ಟಿರುತ್ತವೆ. ತಮಿಳಿನ ವಕಾರವು ಕನ್ನಡದಲ್ಲಿ ಬಕಾರವಾಗುತ್ತದೆ. ಅವರ ವೇಂಬು ನಮ್ಮ ಬೇವು. ಅವರ ವಾಳೈ ನಮ್ಮ ಬಾಳೆ. ಅವರ ವೆಲ್ಲಂ ನಮ್ಮ ಬೆಲ್ಲ. ವಿಜಯದಶಮಿಯಂದು ನಾವು ಹಂಚುವ ಬನ್ನಿಯು ಅವರಿಗೆ ವನ್ನಿ. (ಸಂಸ್ಕೃತದಲ್ಲಿ ಶಮೀ, ತೆಲುಗಿನಲ್ಲಿ ಜಮ್ಮಿ. ಮಹಾರಾಷ್ಟ್ರದಲ್ಲಿ ಅಂದು 'ಸೋನೆ'ಯೆಂದು ಹಂಚುವುದು ಬನ್ನಿಯನ್ನಲ್ಲ, ಆಪಟಾ ಎಂಬ ಬೇರೊಂದು ಮರದ ಎಲೆಯನ್ನು. ಅದರ ಸಂಸ್ಕೃತ ನಾಮ ಅಶ್ಮಂತಕ.) ಅಂತೆಯೇ ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾಗಿದೆ, ನೆರೆಯ ಭಾಷೆಗಳಲ್ಲಿ ಅದು ಪಕಾರವಾಗಿಯೇ ಉಳಿದಿದೆ. ತಮಿಳಿನ ಪಾಂಬು, ತೆಲುಗಿನ ಪಾಮು ನಮ್ಮ ಹಾವು. ತಮಿಳಿನ ಪಲಾ ನಮ್ಮ ಹಲಸು. ಸಂಸ್ಕೃತದ ಪಿಪ್ಪಲಿಯು ನಮ್ಮ ಹಿಪ್ಪಲಿ. ತಮಿಳಿನಲ್ಲಿ ಲಕಾರದ ಪುಲಿ ಎಂದರೆ ಹುಲಿ, ಳಕಾರದ ಪುಳಿ ಎಂದರೆ ಹುಳಿ. ಕನ್ನಡದ ಮಗುವಿಗೆ ಇಷ್ಟನ್ನು ಒಂದು ಸಂಜೆ ಹೇಳಿಕೊಟ್ಟರೆ ಮುಂದಿನ ಹತ್ತು ಹೆಸರುಗಳನ್ನು ಅದು ತಾನೇ ಊಹಿಸುತ್ತದೆ.

ಆದರೆ ಊಹೆಯು ಎಲ್ಲಿ ನಿಲ್ಲಬೇಕೆಂಬುದನ್ನೂ ಆ ಮಗುವಿಗೆ ಕಲಿಸಬೇಕು. ಕೇರಳದ ಪತ್ರಿಕೆಯಲ್ಲಿ ಊರಿಗೆ 'ಪುಲಿ' ಬಂದಿತೆಂದು ಓದಿದರೆ ಅದು ಹುಲಿಯಲ್ಲ, ಹೆಚ್ಚಾಗಿ ಚಿರತೆ. ಹುಲಿಗೆ ಅವರು ಕಡುವ ಎನ್ನುತ್ತಾರೆ. ತುಳುವರ ಪಿಲಿಯಾದರೋ ಹುಲಿಯೇ. ಕೃಷ್ಣಾಷ್ಟಮಿಯ ಮರುದಿನ ವಿಟ್ಲಪಿಂಡಿಯಲ್ಲಿ ಪಿಲಿವೇಷವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2022ರ ಸೆಪ್ಟೆಂಬರ್ 17ರಂದು ನಮೀಬಿಯಾ ದೇಶದಿಂದ ಮಧ್ಯಪ್ರದೇಶದ ಕೂನೋ ಅರಣ್ಯಕ್ಕೆ ಚೀತಾಗಳನ್ನು ತಂದುಬಿಟ್ಟಾಗ ನಮ್ಮ ಕಡೆಯ ಕೆಲವರು "ಚಿರತೆಗೇನು ನಮ್ಮಲ್ಲಿ ಬರವೇ?" ಎಂದು ಹಾಸ್ಯ ಮಾಡಿದರು. ಚೀತಾ ಬೇರೆ, ಚಿರತೆ ಬೇರೆ. ಭಾರತದಲ್ಲಿ ಚೀತಾ ಸಂತತಿಯು ಅಳಿದುಹೋಯಿತೆಂದು 1952ರಲ್ಲಿಯೇ ಸಾರಲಾಗಿತ್ತು. ಚಿರತೆಗಳೋ ನಮ್ಮ ಊರುಗಳ ಅಂಚಿನಲ್ಲಿಯೇ ಇವೆ.

ಸಂಸ್ಕೃತದ ಹೆಸರನ್ನು ಹಿಡಿದರೆ ಎಲ್ಲ ಗೊಂದಲವೂ ಕಳೆಯುತ್ತದೆಯೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ನಾವೂ ಬಹುಕಾಲ ಹಾಗೆಯೇ ನಂಬಿದ್ದೆವು. ಮಂದಾರವನ್ನು ತೆಗೆದುಕೊಳ್ಳೋಣ. ಕರ್ನಾಟಕದಲ್ಲಿ ಮಂದಾರವೆಂದರೆ ಎತ್ತಿನ ಗೊರಸಿನಂತೆ ಸೀಳಿದ ಎಲೆಯುಳ್ಳ, ಬಿಳಿ ಅಥವಾ ನೇರಿಳೆ ಹೂವಿನ ಮರ. ತಮಿಳಿನ ಮಂದಾರೈಯೂ ಅದೇ. ಗಡಿ ದಾಟಿ ಆಂಧ್ರಕ್ಕೆ ಹೋದರೆ ಮಂದಾರಮೆಂಬುದು ನಮ್ಮ ದಾಸವಾಳ. ಮಹಾರಾಷ್ಟ್ರದಲ್ಲಿ ಮಂದಾರವೆಂದರೆ ಬಿಳಿ ಎಕ್ಕ! ಹೀಗಿರಲು ಯಾರದು ಸರಿ? ಅಮರಕೋಶವನ್ನು ತೆರೆದರೆ ಉತ್ತರವು ಇನ್ನೂ ಸ್ವಾರಸ್ಯಕರ. ಮಂದಾರವು ಅಲ್ಲಿ ದೇವಲೋಕದ ಐದು ವೃಕ್ಷಗಳಲ್ಲಿ ಒಂದು. ವನೌಷಧಿವರ್ಗಕ್ಕೆ ಬಂದರೆ ಅದೇ ಮಂದಾರವು ಪಾರಿಭದ್ರಕ್ಕೆ, ಅಂದರೆ ಮುಳ್ಳಿನ ಮೈಯ, ಕೆಂಪು ಹೂವಿನ ಹಾಲಿವಾಣದ ಮರಕ್ಕೆ, ಪರ್ಯಾಯನಾಮ. ಮತ್ತೊಂದೆಡೆ ಅರ್ಕಕ್ಕೂ, ಎಂದರೆ ಎಕ್ಕಕ್ಕೂ, ಪರ್ಯಾಯನಾಮ. ಮರಾಠಿಗರ ಬಳಕೆಗೆ ಕೋಶದ ಆಧಾರವಿದೆಯೆಂದಾಯಿತು. ಕೋಶಕಾರನು ತನ್ನ ಕಾಲದ ಬಳಕೆಗಳನ್ನು ಪ್ರಾಮಾಣಿಕವಾಗಿ ಸಂಗ್ರಹಿಸಿದ್ದಾನೆ. ಒಂದು ಹೆಸರಿಗೆ ಒಂದೇ ಗಿಡವೆಂದು ಅವನೆಲ್ಲಿಯೂ ಮಾತು ಕೊಟ್ಟಿಲ್ಲ.

ದಾಸವಾಳದ ಸ್ಥಾನದಲ್ಲಿ ಎಕ್ಕವನ್ನು ಕಿತ್ತರೆ ಆಗುವ ಹಾನಿಯೇನೆಂದು ಕೇಳಬಹುದು. ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ಕಣ್ಣಿನ ಪೊರೆಗೆ ಕೇಡು. ಹೂವನ್ನು ಬಿಡಿಸಲು ನಾವು ಕಳುಹಿಸುವುದು ಸಾಮಾನ್ಯವಾಗಿ ಮಕ್ಕಳನ್ನೇ.

ಪಾರಿಜಾತದ್ದೂ ಇಂತಹುದೇ ಕಥೆ. ನಸುಕಿನಲ್ಲಿ ನೆಲಕ್ಕುದುರುವ, ಕೇಸರಿ ತೊಟ್ಟಿನ ಬಿಳಿಯ ಹೂವು ನಮಗೆ ಪಾರಿಜಾತ; ತಮಿಳರಿಗೆ ಪವಳಮಲ್ಲಿ, ಮರಾಠಿಗರಿಗೆ ಪ್ರಾಜಕ್ತ, ಹಿಂದಿಯವರಿಗೆ ಹರಸಿಂಗಾರ್, ಬಂಗಾಳಿಗಳಿಗೆ ಶಿಉಲಿ. ಉತ್ತರಪ್ರದೇಶದ ಬಾರಾಬಂಕಿ ಜಿಲ್ಲೆಯ ಕಿಂತೂರಿನಲ್ಲಿ ಪಾರಿಜಾತವೆಂದು ಪೂಜೆಗೊಳ್ಳುತ್ತಿರುವುದಾದರೋ ಆಫ್ರಿಕಾ ಮೂಲದ ಬಾವೋಬಾಬ್ ಜಾತಿಯ ಭಾರಿ ಮರ.

ಕೆಲವು ತೊಡಕುಗಳು ನಿರಪಾಯಕರ, ವಿನೋದಕ್ಕೆ ಮಾತ್ರ ಕಾರಣವಾಗತಕ್ಕವು. ಬದರೀಪತ್ರದ ಬದರಿಯು ಕನ್ನಡದಲ್ಲಿ ಎಲಚಿ ಅಥವಾ ಬೋರೆ. ಉತ್ತರದ ಅಂಗಡಿಯಲ್ಲಿ ಎಲಚಿ ಕೇಳಿದರೆ ಏಲಕ್ಕಿಯನ್ನು ತೂಗಿ ಕೊಡುತ್ತಾರೆ. ಸಂಕ್ರಾಂತಿಯಂದು ನಮ್ಮ ಕಡೆ ಎಳೆಯ ಮಕ್ಕಳ ತಲೆಯ ಮೇಲೆ ಎಲಚಿಹಣ್ಣನ್ನು ಎರೆಯುವ ಪದ್ಧತಿಯಿದೆಯಷ್ಟೆ. ತೆಲುಗರು ಭೋಗಿಯ ದಿನ ಅದನ್ನೇ ಮಾಡುತ್ತಾರೆ, ಹಣ್ಣನ್ನು ರೇಗಿಪಂಡು ಎನ್ನುತ್ತಾರೆ. ಮರಾಠಿಯಲ್ಲಿ ಬೋರ್ ಎಂಬ ಹಣ್ಣಿನ ಹೆಸರು ಆಚರಣೆಯ ಹೆಸರಿನಲ್ಲಿಯೇ ಸೇರಿ ಬೋರನ್ಹಾಣ್ ಆಗಿದೆ. ಶೇಂಗಾ ಎಂದರೆ ಉತ್ತರ ಕರ್ನಾಟಕದವರಿಗೆ ನೆಲಗಡಲೆ. ತೆಲುಗಿನ ಸೆನಗಲು ಕಡಲೆ. ಮರಾಠಿಯಲ್ಲಿ ಶೇಂಗ ಎಂದರೆ ಯಾವುದೇ ಕಾಯಿಯ ಸೋಡಿಗೆ, ನುಗ್ಗೆಕಾಯಿಗೂ, ಸಲ್ಲುತ್ತದೆ. ಚಾತುರ್ಮಾಸ್ಯದ ದ್ವಿದಳವ್ರತದ ತಿಂಗಳಿನಲ್ಲಿ ಬೇರೆ ನಾಡಿನ ಬಂಧುಗಳ ಮನೆಯಲ್ಲಿ ಅಡುಗೆಗೆ ನಿಂತವರಿಗೆ ಈ ಭೇದಗಳು ಬೇಗನೆ ಅನುಭವಕ್ಕೆ ಬರುತ್ತವೆ. ಯುಗಾದಿಯ ಬೇವಿಗೆ ಮರಾಠಿಯಲ್ಲಿ ಕಡುಲಿಂಬ. ಒಗ್ಗರಣೆಯ ಕರಿಬೇವಿಗೆ ಕಢೀಲಿಂಬ. ಸಂಸ್ಕೃತದ ನಿಂಬವು ಬೇವಾದರೆ ನಮ್ಮ ನಿಂಬೆಯು ಹುಳಿಯ ಹಣ್ಣು. ಹೊಸದಾಗಿ ಪುಣೆಗೆ ಹೋದ ಗೃಹಿಣಿಯು ಒಗ್ಗರಣೆಗೆ ಕಹಿಬೇವನ್ನು ಹಾಕಿದಳೆಂದರೆ ಅವಳನ್ನು ನಗಬಾರದು.

ಔಷಧದ ವಿಷಯಕ್ಕೆ ಬಂದರೆ ವಿನೋದಕ್ಕೆ ಎಡೆಯಿಲ್ಲ. ಮಕ್ಕಳ ನೆನಪಿನ ಶಕ್ತಿಗೆಂದು ಬ್ರಾಹ್ಮಿಯನ್ನು ಕೊಡುವ ಮನೆಗಳು ಬಹಳ. ಕರ್ನಾಟಕದಲ್ಲಿ ಬ್ರಾಹ್ಮಿಯೆಂದು ಹೆಚ್ಚಾಗಿ ಕೊಡುವುದು ಒಂದೆಲಗವನ್ನು. ತುಳುವಿನಲ್ಲಿ ಅದೇ ತಿಮರೆ, ತಮಿಳಿನಲ್ಲಿ ವಲ್ಲಾರೈ, ತೆಲುಗಿನಲ್ಲಿ ಸರಸ್ವತಿಯಾಕು. ಕೇರಳದ ವೈದ್ಯರು ಬ್ರಾಹ್ಮಿಯೆಂದು ಬರೆದರೆ ಅದು ನೀರುಬ್ರಾಹ್ಮಿ, ದಪ್ಪನೆಯ ಪುಟ್ಟ ಎಲೆಗಳ ಬೇರೊಂದು ಸಸ್ಯ. ಒಂದೆಲಗಕ್ಕೆ ಶಾಸ್ತ್ರದ ಹೆಸರು ಮಂಡೂಕಪರ್ಣೀ. ಎರಡೂ ಔಷಧಗಳೇ ಸರಿ. ಆದರೆ ಒಂದರ ಪ್ರಮಾಣವನ್ನು ಓದಿ ಮತ್ತೊಂದನ್ನು ಅರೆದು ಕೊಡುವುದು ವೈದ್ಯವೂ ಅಲ್ಲ, ಮನೆಮದ್ದೂ ಅಲ್ಲ.

ಪಕ್ಷಿಗಳಲ್ಲಿ ಒಂದೆರಡನ್ನು ಮಾತ್ರ ಹೇಳುತ್ತೇವೆ. ಆಕಾಶದಲ್ಲಿ ಗರುಡನನ್ನು ಕಂಡು ಕೈಮುಗಿಯುವ ನಮ್ಮವರಲ್ಲಿ ಎಷ್ಟೋ ಮಂದಿ ಕಪ್ಪುಗಂದು ಬಣ್ಣದ ಸಾಮಾನ್ಯ ಹದ್ದಿಗೂ ಕೈಮುಗಿಯುತ್ತಾರೆ. ಗರುಡನಿಗೆ ತಲೆ ಮತ್ತು ಎದೆ ಅಚ್ಚಬಿಳುಪು, ಉಳಿದ ಮೈ ಕಾವಿಯ ಕೆಂಪು. ಮಲೆಯಾಳಿಗಳು ಇದನ್ನು ಕೃಷ್ಣಪ್ಪರುಂದು ಎಂದು ಕರೆಯುವುದು ಕಿವಿಗೆ ಇಂಪಾಗಿದೆ. ಇನ್ನು ಹಂಸ. ಗುರುಪರಂಪರೆಯನ್ನು ಹಂಸನಾಮಕ ಪರಮಾತ್ಮನಿಂದ ಆರಂಭಿಸಿ ಎಣಿಸುವ ನಾವು, ಕ್ಯಾಲೆಂಡರಿನ ಚಿತ್ರಗಳಲ್ಲಿ ಕಾಣುವ ಉದ್ದ ಕತ್ತಿನ ವಿದೇಶೀ ಬಿಳಿ ಪಕ್ಷಿಯನ್ನೇ ಹಂಸವೆಂದು ಭಾವಿಸಿದ್ದೇವೆ. ಸಂಸ್ಕೃತ ಕಾವ್ಯಗಳ ಹಂಸವು ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳುಳ್ಳ ಹೆಬ್ಬಾತು ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಅದು ಹಿಮಾಲಯವನ್ನು ದಾಟಿ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುತ್ತದೆ. 2024ರಲ್ಲಿ ಆ ಕೆರೆಗೆ ಅಂತಾರಾಷ್ಟ್ರೀಯ ಮಹತ್ತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮನ್ನಣೆಯೂ ದೊರೆತಿದೆ. ಗದಗಿನ ಕಡೆಯ ಬಂಧುಗಳಿರುವವರು ಮಕ್ಕಳನ್ನು ಪುಷ್ಯಮಾಸದಲ್ಲಿ ಒಮ್ಮೆ ಕರೆದೊಯ್ದು ತೋರಿಸಬಹುದು.

ಹೆಸರುಗಳನ್ನು ಹಲವು ಭಾಷೆಗಳಲ್ಲಿ ಒಂದೆಡೆ ಬರೆದಿಡುವ ಶ್ರಮವು ಹೊಸದೇನಲ್ಲ. ಹದಿನೇಳನೆಯ ಶತಮಾನದಲ್ಲಿ ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವ್ಯಾನ್ ರೀಡ್ ಎಂಬಾತನು ಮಲಬಾರಿನ ಸಸ್ಯಗಳ ಕುರಿತು 'ಹೋರ್ಟಸ್ ಮಲಬಾರಿಕಸ್' ಎಂಬ ಮಹಾಗ್ರಂಥವನ್ನು ಸಿದ್ಧಪಡಿಸಿದನು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅದರ 12 ಸಂಪುಟಗಳು ಅಚ್ಚಾದವು. ಅದಕ್ಕೆ ಆಧಾರವಾದವರು ಇಟ್ಟಿ ಅಚ್ಯುದನ್ ಎಂಬ ಮಲೆಯಾಳಿ ವೈದ್ಯರು ಮತ್ತು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಮೂವರು ಕೊಂಕಣಿ ವಿದ್ವಾಂಸರು. ಚಿತ್ರಗಳ ಮೇಲೆ ಗಿಡದ ಹೆಸರನ್ನು ಮಲೆಯಾಳ, ಅರಬ್ಬೀ ಲಿಪಿಗಳಲ್ಲಿಯೂ ಕೊಂಕಣಿಗರು ಬಳಸುತ್ತಿದ್ದ ನಾಗರಿಯಲ್ಲಿಯೂ ಕೊರೆದಿರುವುದನ್ನು ಇಂದಿಗೂ ಕಾಣಬಹುದು. ಆ ಮೂವರು 1675ರಲ್ಲಿ ಕೊಂಕಣಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರವು ಮೊದಲ ಸಂಪುಟದಲ್ಲಿದೆ. ಸ್ವೀಡನ್ನಿನ ಲಿನ್ನೇಯಸ್ ಎಂಬ ವಿಜ್ಞಾನಿಯು 1753ರಲ್ಲಿ ಸಸ್ಯಗಳಿಗೆ ಎರಡೆರಡು ಪದಗಳ ಲ್ಯಾಟಿನ್ ಹೆಸರುಗಳನ್ನಿಟ್ಟು ಪ್ರಕಟಿಸಿದಾಗ ಈ ಗ್ರಂಥವನ್ನೂ ಬಳಸಿಕೊಂಡನು. ಅಶ್ವತ್ಥಕ್ಕೆ ಅವನಿತ್ತ ಹೆಸರು ಫೈಕಸ್ ರಿಲಿಜಿಯೋಸಾ. ಕಣಗಿಲೆಗೆ ನೀರಿಯಂ ಓಲಿಯಾಂಡರ್. ಯಾವ ನಾಡಿನ ಅರಳಿಯೂ ಈ ಎರಡನ್ನು ಒಂದಾಗಿಸಲಾರದು. ಈ ಲ್ಯಾಟಿನ್ ಹೆಸರುಗಳಲ್ಲಿ ಕೆಲವು ನಮ್ಮವೇ ಎಂಬುದೂ ಗಮನಾರ್ಹ: ನುಗ್ಗೆಯ ಮೊರಿಂಗಾ ತಮಿಳಿನ ಮುರುಂಗೈಯಿಂದ ಬಂದುದು, ಆಡುಸೋಗೆಯ ಅಧಟೋಡಾ, ಆಡು ತೊಡದ, ಎಂದರೆ ಆಡು ಮುಟ್ಟದ, ಗಿಡವೆಂಬ ಮಾತಿನಿಂದ. ಆಡು ಮುಟ್ಟದ ಸೊಪ್ಪಿಲ್ಲವೆಂದು ಗಾದೆ ಮಾಡಿದವರು ಇದನ್ನು ಮರೆತಿರಬೇಕು.

ಮನೆಯಲ್ಲಿ ಇದನ್ನು ಕಲಿಯಲು ದೊಡ್ಡ ಗ್ರಂಥವೇನೂ ಬೇಕಿಲ್ಲ. ನೂರು ಪುಟದ ಒಂದು ದಪ್ಪ ನೋಟುಪುಸ್ತಕ ಸಾಕು. ಒಂದು ಪುಟಕ್ಕೆ ಒಂದೇ ಗಿಡ. ಒಣಗಿಸಿದ ಎಲೆಯನ್ನು ಅಂಟಿಸಿ, ಅದರ ಕೆಳಗೆ ಸಂಸ್ಕೃತದ ಹೆಸರು, ಮನೆಮಾತಿನ ಹೆಸರು, ಇರುವ ಊರಿನ ಭಾಷೆಯ ಹೆಸರು, ಸಾಧ್ಯವಾದರೆ ಲ್ಯಾಟಿನ್ ಹೆಸರು. ಎಲೆಯಿಲ್ಲದ ಬರಿಯ ಹೆಸರುಗಳ ಪಟ್ಟಿಯಿಂದ ಪ್ರಯೋಜನವಿಲ್ಲವೆಂದೇ ನಮ್ಮ ಮತ. ಈಗ ಜೇಬಿನ ದೂರವಾಣಿಯಿಂದ ಚಿತ್ರ ತೆಗೆದರೆ ಅದೇ ಹೆಸರು ಹೇಳುವ ಸೌಕರ್ಯವಿದೆ. ಮಕ್ಕಳು ಅದನ್ನು ಬಳಸಲಿ, ಲ್ಯಾಟಿನ್ ಹೆಸರನ್ನು ಹುಡುಕಲು ಅದು ಅನುಕೂಲ. ಆದರೆ ಅದೂ ತಪ್ಪುವುದುಂಟು. ಅದು ಹೇಳಿದುದನ್ನು ಆ ಗಿಡವನ್ನು ಕೈಯಾರೆ ಬೆಳೆಸಿದ ಒಬ್ಬರ ಮುಂದೆ ಇಟ್ಟು ಕೇಳಬೇಕು. ಬಾಯಿಗೆ ಹಾಕುವ ವಸ್ತುವಾದರೆ ವೈದ್ಯರನ್ನೇ ಕೇಳತಕ್ಕದ್ದು. ಕಣಗಿಲೆ, ಎಕ್ಕ, ದತ್ತೂರಗಳ ಪುಟಗಳಿಗೆ ಕೆಂಪು ಶಾಯಿಯ ಗುರುತನ್ನು ಹಾಕಬೇಕು. ಈ ಮೂರೂ ಪತ್ರಪೂಜೆಯ ಪಟ್ಟಿಯಲ್ಲಿವೆ, ಮೂರೂ ವಿಷ. ಪೂಜೆ ಮುಗಿದ ಮೇಲೆ ಆ ನಿರ್ಮಾಲ್ಯವನ್ನು ಮಕ್ಕಳಿಗೂ ದನಗಳಿಗೂ ಎಟುಕದಂತೆ ವಿಸರ್ಜಿಸಬೇಕು. ಹಟ್ಟಿಯ ಹಸುವಿಗೆ ಪೂಜೆಯ ಎಲೆಗಳನ್ನು ಹಾಕುವ ರೂಢಿಯು ಕೆಲವು ಮನೆಗಳಲ್ಲಿದೆ. ಕಣಗಿಲೆಯು ಮನುಷ್ಯನಿಗೆ ಹೇಗೋ ಹಸುವಿಗೂ ಹಾಗೆಯೇ ಮಾರಕ.

ನಮ್ಮ ಅಜ್ಜಿಯವರು ಮದರಾಸಿನಲ್ಲಿ ಆರಂಭಿಸಿದ ಅಂತಹ ಪುಸ್ತಕವೊಂದು ನಮ್ಮಲ್ಲಿದೆ. ತಮಿಳಿನ ಹೆಸರುಗಳನ್ನು ಅವರು ಕನ್ನಡ ಲಿಪಿಯಲ್ಲಿ ಬರೆದಿದ್ದಾರೆ. ಅಶ್ವತ್ಥದ ಎಲೆಯು ಈಗ ಬರಿಯ ನರಗಳ ಬಲೆಯಾಗಿ ಉಳಿದಿದೆ. ಅದರ ಕೆಳಗೆ "ಅರಸಮರಂ" ಎಂದೂ, ಅದರ ಕೆಳಗೆ ಇನ್ನೂ ದಪ್ಪಕ್ಷರದಲ್ಲಿ "ಗಿಡವೋ ಮರವೋ ಕೇಳು" ಎಂದೂ ಇದೆ. ಪುಣೆಯಲ್ಲಿರುವ ನಮ್ಮ ಸೊಸೆಯು ಹೋದ ವರ್ಷ ರಜೆಗೆ ಬಂದಾಗ ಅದೇ ಪುಟದ ಅಂಚಿನಲ್ಲಿ ಮರಾಠಿಯ ಪಿಂಪಳವನ್ನು ಬರೆದು, ಮುಂದಿನ ಖಾಲಿ ಪುಟದಲ್ಲಿ ಆಪಟಾದ ಒಂದು ಎಲೆಯನ್ನು ಅಂಟಿಸಿ ಹೋಗಿದ್ದಾಳೆ.